ರಫ್ಲೇಸಿಯಾ: ಎಲೆಯೂ ಇಲ್ಲದ, ಬೇರೂ ಇಲ್ಲದ ಹೆಬ್ಬೂವಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೋರ್ನಿಯೊ ದ್ವೀಪದ ಸರವಾಕ್‌ನಲ್ಲಿ ತೆಗೆದ ಒಂದು ಫೋಟೊ ನನ್ನ ಬಳಿ ಇದೆ. ಕೊಳೆತ ಎಲೆಗಳ ನಡುವೆ, ನೆಲಕ್ಕೇ ಅಂಟಿಕೊಂಡು ಕೂತ ಇಟ್ಟಿಗೆ ಕೆಂಪಿನ ಹೂವು. ಅಳತೆ ತಿಳಿಯಲೆಂದು ಈಚೆಯಿಂದ ಹಿಡಿದ ನನ್ನ ಮಡಿಸುವ ಕೊಡೆ. ಕೊಡೆ ಪುಟ್ಟದಾಗಿ ಕಾಣುತ್ತದೆ. ಈ ಫೋಟೊ ನೋಡಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಮನೆಯವರು, ಸ್ನೇಹಿತರು, ಶಾಲೆಯ ಮಕ್ಕಳು ಕೇಳಿದ್ದನ್ನೆಲ್ಲ ಸೇರಿಸಿ, ನನಗೆ ಖಚಿತವಾಗಿ ಗೊತ್ತಿರುವಷ್ಟನ್ನು ಇಲ್ಲಿ ಬರೆದಿದ್ದೇನೆ.

ರಫ್ಲೇಸಿಯಾ ಅಂದರೆ ಒಂದು ಹೂವೋ, ಒಂದು ಗಿಡವೋ?

ಎರಡೂ ಹೌದು, ಆದರೆ ಕಣ್ಣಿಗೆ ಕಾಣುವುದು ಹೂವು ಮಾತ್ರ. ಈ ಸಸ್ಯಕ್ಕೆ ಕಾಂಡವಿಲ್ಲ, ಎಲೆಯಿಲ್ಲ, ಮಣ್ಣಿಗಿಳಿಯುವ ಬೇರೂ ಇಲ್ಲ. ಕಾಡಿನ ಒಂದು ಜಾತಿಯ ಬಳ್ಳಿಯ ಒಳಗೆ ನೂಲಿನ ಎಳೆಯಂತೆ ಹಬ್ಬಿಕೊಂಡು ಅದು ಇಡೀ ಜೀವಮಾನ ಕಳೆಯುತ್ತದೆ. ಹೂ ಬಿಡುವ ಕಾಲ ಬಂದಾಗಷ್ಟೇ ಬಳ್ಳಿಯ ತೊಗಟೆ ಒಡೆದು ಹೊರಗೆ ಬರುತ್ತದೆ. ನಾವು ನೋಡುವುದು ಆ ಕೆಲವು ದಿನಗಳ ರಫ್ಲೇಸಿಯಾವನ್ನು.

ರಫ್ಲೇಸಿಯಾ ಎನ್ನುವುದು ಒಂದೇ ಪ್ರಭೇದದ ಹೆಸರಲ್ಲ. ಸುಮಾತ್ರಾ, ಜಾವಾ, ಬೋರ್ನಿಯೊ, ಮಲೇಷ್ಯಾದ ಪರ್ಯಾಯ ದ್ವೀಪ, ದಕ್ಷಿಣ ಥಾಯ್ಲೆಂಡ್ ಮತ್ತು ಫಿಲಿಪೀನ್ಸ್ ಕಾಡುಗಳಲ್ಲಿ ಇದರ 40ಕ್ಕೂ ಹೆಚ್ಚು ಪ್ರಭೇದಗಳಿವೆ. ಹೊಸವು ಈಗಲೂ ಸಿಗುತ್ತಿವೆ.

ನಿಜಕ್ಕೂ ಎಷ್ಟು ದೊಡ್ಡದಾಗುತ್ತದೆ?

ಎಲ್ಲಕ್ಕಿಂತ ಹೆಸರುವಾಸಿಯಾದದ್ದು ರಫ್ಲೇಸಿಯಾ ಆರ್ನಾಲ್ಡಿ. ಚೆನ್ನಾಗಿ ಅರಳಿದರೆ ಅಡ್ಡಗಲ ಒಂದು ಮೀಟರ್ ಮುಟ್ಟುತ್ತದೆ, ಅಂದರೆ ನಮ್ಮ ಲೆಕ್ಕದಲ್ಲಿ ಎರಡು ಮೊಳಕ್ಕೂ ಸ್ವಲ್ಪ ಹೆಚ್ಚು. 1818ರಲ್ಲಿ ಇದನ್ನು ಅಳೆದ ಬ್ರಿಟಿಷ್ ವೈದ್ಯ ಜೋಸೆಫ್ ಆರ್ನಾಲ್ಡ್ ಬರೆದಿಟ್ಟ ತೂಕ 15 ಪೌಂಡ್, ಸುಮಾರು 7 ಕೆ.ಜಿ. ಅಡಿಗೆ ಮನೆಯ ದೊಡ್ಡ ಕುಂಬಳಕಾಯಿಯಷ್ಟು ತೂಗುವ ಒಂದೇ ಒಂದು ಹೂವು!

ಈಚಿನ ದಾಖಲೆ ಅದನ್ನೂ ಮೀರಿದ್ದು. ಪಶ್ಚಿಮ ಸುಮಾತ್ರಾದ ಮನಿಂಜಾವು ಸರೋವರದ ಸುತ್ತಲಿನ ಕಾಡಿನಲ್ಲಿ 111 ಸೆಂ.ಮೀ. ಅಗಲದ ಹೂ ಅರಳಿದ್ದನ್ನು 2020ರ ಆರಂಭದಲ್ಲಿ ಅಲ್ಲಿನ ವನ್ಯಸಂರಕ್ಷಣಾ ಅಧಿಕಾರಿಗಳು ವರದಿ ಮಾಡಿದರು. 2017ರಲ್ಲಿ ಅದೇ ಜಾಗದಲ್ಲಿ 107 ಸೆಂ.ಮೀ. ಹೂ ಬಿಟ್ಟಿತ್ತು. ಅದನ್ನು ಆರ್ನಾಲ್ಡಿಯ ಹತ್ತಿರದ ಸಂಬಂಧಿ ಟುವಾನ್-ಮುಡೆ ಎಂದು ಗುರುತಿಸಿದ್ದಾರೆ.

ಹಾಗೆಂದು ಎಲ್ಲ ರಫ್ಲೇಸಿಯಾಗಳೂ ದೈತ್ಯರಲ್ಲ. ಫಿಲಿಪೀನ್ಸ್‌ನ ಲುಜಾನ್ ದ್ವೀಪದ ರಫ್ಲೇಸಿಯಾ ಕನ್ಸುಯೆಲೋಯೆ ಸುಮಾರು 10 ಸೆಂ.ಮೀ. ಅಗಲ, ದಾಸವಾಳದಷ್ಟು. ಕಾಡಿನಲ್ಲಿ ಒಬ್ಬ ಸಹಾಯಕ ತರಗೆಲೆಯ ರಾಶಿಗೆ ಎಡವಿದಾಗ ಕೆಳಗಿದ್ದ ಕೊಳೆತ ಹೂ ಕಂಡು, ಅದು ಹೊಸ ಪ್ರಭೇದ ಎಂದು ಗೊತ್ತಾಯಿತು. 2016ರಲ್ಲಿ ಅದಕ್ಕೆ ಹೆಸರಿಟ್ಟರು.

ಪ್ರಪಂಚದ ಅತಿ ದೊಡ್ಡ ಹೂವು ಆಳೆತ್ತರ ನಿಲ್ಲುತ್ತದೆ ಎಂದು ಪತ್ರಿಕೆಯಲ್ಲಿ ಓದಿದ್ದೆವು. ಅದು ಇದೇನಾ?

ಅಲ್ಲ. ನಮ್ಮ ಪತ್ರಿಕೆ, ಟಿ.ವಿ.ಗಳಲ್ಲಿ ಅತಿ ಹೆಚ್ಚು ಆಗುವ ಗೊಂದಲ ಇದು. ಆಳೆತ್ತರ ಮೀರಿ, ಕೆಲವೊಮ್ಮೆ 3 ಮೀಟರ್ ತನಕ ನಿಲ್ಲುವುದು ಟೈಟನ್ ಆರಮ್, ಅಂದರೆ ಅಮಾರ್ಫೊಫ್ಯಾಲಸ್ ಟೈಟನಮ್. ಅದೂ ಸುಮಾತ್ರಾದ್ದೇ, ಅದೂ ಹೆಣದಂತೆ ನಾರುತ್ತದೆ. ಎರಡನ್ನೂ 'ಹೆಣದ ಹೂವು' ಎಂದು ಕರೆಯುವ ರೂಢಿ ಇರುವುದರಿಂದ ಒಂದರ ಸುದ್ದಿಗೆ ಇನ್ನೊಂದರ ಚಿತ್ರ ಹಾಕಿಬಿಡುತ್ತಾರೆ.

ವ್ಯತ್ಯಾಸ ತಿಳಿಯಲು ನಮ್ಮ ಹಿತ್ತಲೇ ಸಾಕು. ಟೈಟನ್ ಆರಮ್ ನಮ್ಮ ಸುವರ್ಣಗೆಡ್ಡೆಯ ಜಾತಿಯದ್ದು. ಮೊದಲ ಮಳೆ ಬಿದ್ದಾಗ ಸುವರ್ಣಗೆಡ್ಡೆ ಎಲೆ ಬರುವ ಮುಂಚೆಯೇ ನೇರಳೆ ಬಣ್ಣದ, ಮಡಿಕೆ ಮಡಿಕೆಯಾದ ಒಂದು ವಿಚಿತ್ರ ಹೂ ಬಿಡುವುದನ್ನು ನೋಡಿರುತ್ತೀರಿ. ಹಿತ್ತಲಲ್ಲಿ ಇಲಿ ಸತ್ತಿದೆಯೇನೋ ಎಂದು ಅಜ್ಜಿ ಹುಡುಕಿಸುತ್ತಿದ್ದ ವಾಸನೆ ಅದೇ. ಅದು ಒಂದು ಹೂವಲ್ಲ. ನಡುವಿನ ಕಂಬದ ಬುಡಕ್ಕೆ ನೂರಾರು ಪುಟ್ಟ ಹೂಗಳು ಅಂಟಿಕೊಂಡಿರುತ್ತವೆ. ಟೈಟನ್ ಆರಮ್ ಕೂಡ ಹೀಗೇ, ಅದೊಂದು ಹೂಗೊಂಚಲು. ಅದಕ್ಕೆ ಸ್ವಂತ ಗೆಡ್ಡೆ, ಸ್ವಂತ ಎಲೆ ಇದೆ, ಯಾರನ್ನೂ ಆಶ್ರಯಿಸುವುದಿಲ್ಲ.

ಇನ್ನು ಕವಲೊಡೆದ ಹೂಗೊಂಚಲುಗಳಲ್ಲಿ ಅತಿ ದೊಡ್ಡದು ಯಾವುದು ಎಂದು ಕೇಳಿದರೆ ಉತ್ತರ ನಮಗೆ ಹತ್ತಿರದ್ದು: ಶ್ರೀತಾಳೆ. ಕರಾವಳಿಯಲ್ಲಿ ಈಗ ವಿರಳವಾಗಿರುವ, ಒಂದು ಕಾಲಕ್ಕೆ ಓಲೆಗರಿಯ ಗ್ರಂಥಗಳಿಗೆ ಗರಿ ಕೊಟ್ಟ ಮರ. ಹತ್ತಾರು ವರ್ಷ ಬದುಕಿ, ಒಂದೇ ಸಲ ನೆತ್ತಿಯ ಮೇಲೆ ಲಕ್ಷಾಂತರ ಹೂ ಹೊತ್ತು, ಕಾಯಿ ಬಿಟ್ಟು ಸಾಯುತ್ತದೆ. ಆದರೆ ಬಿಡಿ ಹೂವಿನ ಮಾತು ಬಂದಾಗ ರಫ್ಲೇಸಿಯಾಕ್ಕೆ ಸಾಟಿ ಇಲ್ಲ.

ಎಲೆಯೇ ಇಲ್ಲದೆ ಊಟಕ್ಕೇನು ಮಾಡುತ್ತದೆ?

ಎಲ್ಲವೂ ಆ ಬಳ್ಳಿಯದ್ದು: ನೀರು, ಸಕ್ಕರೆ, ಲವಣ. ಬಳ್ಳಿಯ ಹೆಸರು ಟೆಟ್ರಾಸ್ಟಿಗ್ಮಾ, ದ್ರಾಕ್ಷಿಯ ಕುಟುಂಬದ್ದು. ನಮ್ಮ ಮಂಗರವಳ್ಳಿಯೂ ಅದೇ ಕುಟುಂಬ. ರಫ್ಲೇಸಿಯಾ ಈ ಒಂದು ಕುಲದ ಬಳ್ಳಿಗಳನ್ನು ಬಿಟ್ಟು ಬೇರೆಲ್ಲೂ ಬದುಕುವುದಿಲ್ಲ. ಆ ಕುಲದಲ್ಲೂ ಎಲ್ಲ ಬಳ್ಳಿಗಳು ಒಗ್ಗುವುದಿಲ್ಲ.

ಬಳ್ಳಿಯ ಒಳಗಿರುವಾಗ ರಫ್ಲೇಸಿಯಾ ಗಿಡದಂತೆ ಇರುವುದೇ ಇಲ್ಲ, ಬೂಷ್ಟಿನ ಎಳೆಯಂತೆ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಷ್ಟೋ ಕಡೆ ಒಂದರ ಹಿಂದೊಂದು ಜೋಡಿಸಿದ ಒಂದೇ ಸಾಲಿನ ಜೀವಕೋಶಗಳು ಕಾಣುತ್ತವೆ, ಅಷ್ಟೆ. ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಪತ್ರಹರಿತ್ತು ಅದರಲ್ಲಿಲ್ಲ. ಹಸಿರು ಸಸ್ಯಗಳ ಕೋಶಗಳಲ್ಲಿರುವ ಹರಿತ್ಕಣಕ್ಕೆ ಅದರದೇ ಆದ ವಂಶವಾಹಿಗಳ ಕಟ್ಟು ಇರುತ್ತದಷ್ಟೆ. ಲುಜಾನ್‌ನ ರಫ್ಲೇಸಿಯಾ ಲಗಾಸ್ಕೆಯಲ್ಲಿ ಆ ಕಟ್ಟಿನ ಸುಳಿವೇ ಸಿಗಲಿಲ್ಲ ಎಂದು 2014ರಲ್ಲಿ ಸಂಶೋಧಕರು ಪ್ರಕಟಿಸಿದರು. ಪರಾವಲಂಬಿ ಸಸ್ಯಗಳು ಕೂಡ ಸಾಮಾನ್ಯವಾಗಿ ಅದರ ಚೂರುಪಾರು ಉಳಿಸಿಕೊಂಡಿರುತ್ತವೆ. ಹಾಗಾಗಿ ಸಸ್ಯ ವಿಜ್ಞಾನಿಗಳಿಗೆ ಇದು ದೊಡ್ಡ ಅಚ್ಚರಿಯಾಗಿತ್ತು.

ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ಬೆರಗು ಹುಟ್ಟಿಸುತ್ತದೆ. ಇಷ್ಟು ಕಾಲ ಒಂದೇ ಮೈಯಲ್ಲಿ ಕೂಡಿ ಬಾಳಿದ್ದರಿಂದ ಬಳ್ಳಿಯ ವಂಶವಾಹಿಗಳೇ ಕೆಲವು ರಫ್ಲೇಸಿಯಾಕ್ಕೆ ದಾಟಿಕೊಂಡಿವೆ. ಮಲೇಷ್ಯಾದ ರಫ್ಲೇಸಿಯಾ ಕ್ಯಾಂಟ್ಲಿಯಿಯಲ್ಲಿ ಕೆಲಸ ಮಾಡುತ್ತಿರುವ ವಂಶವಾಹಿಗಳಲ್ಲಿ ನೂರಕ್ಕೆ ಸುಮಾರು ಎರಡು ಬಳ್ಳಿಯಿಂದ ಬಂದವು ಎಂದು 2012ರ ಅಧ್ಯಯನವೊಂದು ತೋರಿಸಿತು. ತಂದೆ ತಾಯಿಯಿಂದ ಬರಬೇಕಾದದ್ದು ಅನ್ನ ಹಾಕಿದ ಮನೆಯಿಂದ ಬಂದಿದೆ.

ಮಾವಿನ ಮರಕ್ಕೆ ಹತ್ತುವ ಬಂದಣಿಕೆಯೂ ಹೀಗೇ ಅಲ್ಲವೇ?

ಪರಾವಲಂಬಿ ಎನ್ನುವ ಮಾತಿಗೆ ಹೌದು, ಆದರೆ ಅದು ಅರ್ಧ ಪರಾವಲಂಬಿ. ಬಂದಣಿಕೆಗೆ ಹಸಿರೆಲೆ ಇದೆ. ನೀರು, ಲವಣಗಳನ್ನು ಮರದಿಂದ ಕದ್ದು ಅಡಿಗೆಯನ್ನು ತಾನೇ ಮಾಡಿಕೊಳ್ಳುತ್ತದೆ. ನಮ್ಮ ಶ್ರೀಗಂಧವೂ ಇದೇ ಗುಂಪಿನದು ಎಂದರೆ ಕೆಲವರು ನಂಬುವುದಿಲ್ಲ. ಗಂಧದ ಸಸಿ ನೆಡುವಾಗ ಪಕ್ಕದಲ್ಲಿ ತೊಗರಿ ಹಾಕುವುದು ಯಾಕೆ ಎಂದು ಬೆಳೆಗಾರರನ್ನು ಕೇಳಿ. ಗಂಧದ ಬೇರು ತೊಗರಿಯ ಬೇರಿಗೆ ಕಚ್ಚಿಕೊಂಡು ಸಾರ ಹೀರುತ್ತದೆ, ಆಸರೆ ಸಿಗದ ಸಸಿ ಸೊರಗುತ್ತದೆ.

ರಫ್ಲೇಸಿಯಾ ಪೂರ್ಣ ಪರಾವಲಂಬಿ. ಅದರ ಒಲೆ ಎಂದೋ ಆರಿದೆ.

ಅದನ್ನು ಹೊತ್ತ ಬಳ್ಳಿ ಸಾಯುವುದಿಲ್ಲವೇ?

ಸಾಮಾನ್ಯವಾಗಿ ಇಲ್ಲ. ಬಳ್ಳಿ ಸತ್ತರೆ ರಫ್ಲೇಸಿಯಾವೂ ಸಾಯುತ್ತದೆ. ತೊಡೆ ಗಾತ್ರಕ್ಕೆ ಬೆಳೆಯುವ ಈ ಬಳ್ಳಿಗಳು ಹೂವಿನ ಮೇಲೆ ಹೂ ಹೊತ್ತುಕೊಂಡು ವರ್ಷಗಟ್ಟಲೆ ಬದುಕುತ್ತವೆ.

ಹೂ ಬಿಡುವುದು 12 ವರ್ಷಕ್ಕೊಮ್ಮೆಯೇ?

ವಾಟ್ಸ್‌ಆ್ಯಪ್‌ನಲ್ಲಿ ಬರುವ 12 ವರ್ಷದ ಲೆಕ್ಕ ನಮ್ಮ ಬೆಟ್ಟಗಳ ಕುರಿಂಜಿಯದು. ರಫ್ಲೇಸಿಯಾಕ್ಕೆ ಹಾಗೆ ಕಟ್ಟುನಿಟ್ಟಾದ ಕಾಲವಿಲ್ಲ. ವರ್ಷದ ಯಾವ ತಿಂಗಳಲ್ಲಾದರೂ ಅರಳಬಹುದು. ಅಪರೂಪವಾಗಿ ಕಾಣಲು ಕಾರಣ ಬೇರೆ.

ಮೊದಲು ಬಳ್ಳಿಯ ಮೇಲೆ ಒಂದು ಗಂಟು ಏಳುತ್ತದೆ. ತೊಗಟೆ ಬಿರಿದು ಒಳಗಿಂದ ಕಂದು ಬಣ್ಣದ ಮೊಗ್ಗು ಇಣುಕುತ್ತದೆ. ಅದು ಅಡಿಕೆ ಗಾತ್ರದಿಂದ ಕಿತ್ತಳೆ ಗಾತ್ರಕ್ಕೆ, ಅಲ್ಲಿಂದ ಎಲೆಕೋಸಿನ ಗಾತ್ರಕ್ಕೆ ಬರಲು ಆರರಿಂದ ಒಂಬತ್ತು ತಿಂಗಳು ಹಿಡಿಯುತ್ತದೆ. ನೋಡಲೂ ಥೇಟ್ ಎಲೆಕೋಸೇ, ಪದರದ ಮೇಲೆ ಪದರ ಮುಚ್ಚಿಕೊಂಡಿರುತ್ತದೆ. ಈ ತಿಂಗಳುಗಳಲ್ಲಿ ಮಳೆ ಹೆಚ್ಚಾದರೆ ಕೊಳೆಯುತ್ತದೆ, ಬಿಸಿಲು ಹೆಚ್ಚಾದರೆ ಒಣಗುತ್ತದೆ, ಪ್ರಾಣಿಗಳು ಕಡಿಯುತ್ತವೆ. ಅರಳುವ ಭಾಗ್ಯ ಕೆಲವಕ್ಕೇ. ಅರಳಿದರೂ ಐದರಿಂದ ಏಳು ದಿನ. ಮೂರನೆಯ ದಿನಕ್ಕೆ ಅಂಚು ಕಪ್ಪಾಗತೊಡಗುತ್ತದೆ, ವಾರದ ಕೊನೆಗೆ ಇಡೀ ಹೂ ಕಪ್ಪು ಲೋಳೆಯಾಗಿ ನೆಲಕ್ಕಿಳಿದಿರುತ್ತದೆ.

ಹತ್ತಿರದಿಂದ ನೋಡಿದರೆ ಹೇಗಿರುತ್ತದೆ?

ಫೋಟೊದಲ್ಲಿ ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ. ಎದುರಿಗೆ ಹಾಗಲ್ಲ. ಐದು ದಪ್ಪ ದಳಗಳು, ಬೆರಳು ದಪ್ಪ ಎನ್ನಬಹುದು, ಹಸಿ ಚರ್ಮದ ಹೊಳಪು. ಅವುಗಳ ಮೇಲೆಲ್ಲ ಬೆಳ್ಳಗಿನ ಉಬ್ಬು ಮಚ್ಚೆಗಳು, ನರೂಲಿಗಳ ಹಾಗೆ. ದಳಗಳ ನಡುವೆ ಅಗಲ ಬಾಯಿಯ ಬಾಣಲೆಯಂಥ ಗುಳಿ, ಅದರ ಸುತ್ತ ಒಂದು ಕಟ್ಟೆ. ಗುಳಿಯ ತಳದಲ್ಲಿ ತಟ್ಟೆಯೊಂದು, ತಟ್ಟೆಯ ತುಂಬ ಮೇಲ್ಮುಖವಾಗಿ ಎದ್ದ ಮುಳ್ಳಿನಂಥ ಕೊಂಬುಗಳು. ಬಾಗಿ ಒಳಗೆ ನೋಡಿದರೆ ಕಟ್ಟೆಯ ಒಳಮೈಯಲ್ಲಿ ಬಿಳಿ ಚುಕ್ಕೆಗಳು ಉಂಗುರ ಉಂಗುರವಾಗಿ ಮಿನುಗುತ್ತವೆ. ಅರೆಕತ್ತಲ ಕಾಡಿನಲ್ಲಿ ಅದು ಒಳಗೆ ದೀಪ ಹಚ್ಚಿಟ್ಟಂತೆ ಕಂಡಿತು ನನಗೆ.

ನಾನು ಹೋದಾಗ ಅದು ಅರಳಿ ಮೂರನೆಯ ದಿನ. ಒಂದು ದಳದ ತುದಿ ಆಗಲೇ ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಹಸಿರು ಹೊಳಪಿನ ನಾಲ್ಕೈದು ನೊಣ ಗುಳಿಯೊಳಗೆ ಇಳಿಯುವುದು, ಹೊರಗೆ ಬರುವುದು ಮಾಡುತ್ತಿದ್ದವು. ಅವುಗಳ ಗುಂಯ್‌ಗುಟ್ಟುವಿಕೆ ಗುಳಿಯೊಳಗೆ ದೊಡ್ಡದಾಗಿ, ಬಿಂದಿಗೆಯೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳುತ್ತಿತ್ತು.

ವಾಸನೆ ತಡೆಯಲು ಆಗುತ್ತದೆಯೇ?

ಆಗುತ್ತದೆ. ಊರೆಲ್ಲ ನಾರುತ್ತದೆ ಎನ್ನುವುದು ಉತ್ಪ್ರೇಕ್ಷೆ. ಹತ್ತು ಹೆಜ್ಜೆ ದೂರದಲ್ಲಿ ನನಗೆ ಕಾಡಿನ ಹಸಿ ಮಣ್ಣಿನ ವಾಸನೆ ಬಿಟ್ಟರೆ ಬೇರೇನೂ ಗೊತ್ತಾಗಲಿಲ್ಲ. ಹಲಗೆಯ ಮೇಲೆ ಮಂಡಿಯೂರಿ ಬಾಗಿದಾಗ ಮಾತ್ರ ಕೆಟ್ಟ ಮಾಂಸದ ವಾಸನೆ ಬೆಚ್ಚಗೆ ಮೂಗಿಗೆ ಬಡಿಯಿತು. ಪ್ರಭೇದ, ಅರಳಿದ ದಿನ, ಹೊತ್ತು ಇವುಗಳ ಮೇಲೆ ಹೆಚ್ಚುಕಡಿಮೆ ಇರುತ್ತದೆ. ಆರ್ನಾಲ್ಡ್ ಕೂಡ 'ಕೆಟ್ಟ ದನದ ಮಾಂಸದ ವಾಸನೆ' ಎಂದೇ ಬರೆದದ್ದು. ಫಿಲಿಪೀನ್ಸ್‌ನ ಪುಟ್ಟ ಕನ್ಸುಯೆಲೋಯೆಯ ಹಣ್ಣಿನ ತಿರುಳಿಗಾದರೋ ತೆಂಗಿನಕಾಯಿಯ ವಾಸನೆಯಂತೆ.

ಯಾಕೆ ನಾರಬೇಕು? ಯಾಕಿಷ್ಟು ದೊಡ್ಡದಾಗಬೇಕು?

ಎರಡಕ್ಕೂ ಉತ್ತರ ನೊಣ. ಈ ಹೂವಿನ ಪರಾಗಸ್ಪರ್ಶ ಮಾಡುವುದು ಸತ್ತ ಪ್ರಾಣಿಗಳಿಗೆ ಮುತ್ತುವ ನೊಣಗಳು. ಕೆಂಪು ಬಣ್ಣ, ಬಿಳಿ ಮಚ್ಚೆ, ವಾಸನೆ, ಕತ್ತಲ ಗುಳಿ ಎಲ್ಲ ಸೇರಿ ಹೂವು ಒಂದು ಹೆಣದ ವೇಷ ಹಾಕುತ್ತದೆ. ದೊಡ್ಡ ಹೆಣ ದೂರದ ನೊಣಗಳನ್ನೂ ಕರೆಯುತ್ತದೆ, ಹೂ ದೊಡ್ಡದಾದದ್ದಕ್ಕೆ ವಿಜ್ಞಾನಿಗಳು ಕೊಡುವ ಮುಖ್ಯ ವಿವರಣೆ ಇದು.

ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಗಂಡು ಹೂವಿನ ತಟ್ಟೆಯ ಅಂಚಿನ ಕೆಳಗೆ ಕೇಸರಗಳು ಉಂಗುರವಾಗಿ ಕೂತಿರುತ್ತವೆ. ಆಹಾರ ಹುಡುಕುತ್ತ ನೊಣ ಅಲ್ಲಿಗೆ ತೂರಿದಾಗ ಪರಾಗ ಅದರ ಬೆನ್ನಿಗೆ ಮೆತ್ತಿಕೊಳ್ಳುತ್ತದೆ. ಬೇರೆ ಹೂಗಳ ಹಾಗೆ ಪುಡಿ ಪರಾಗವಲ್ಲ, ಗಂಜಿಯಂಥ ಲೋಳೆ. ಆ ನೊಣ ಹೆಣ್ಣು ಹೂವಿನ ಅದೇ ಸಂದಿಗೆ ನುಗ್ಗಿದರೆ ಕೆಲಸ ಆಯಿತು. ನೊಣಕ್ಕೆ ಸಿಕ್ಕಿದ್ದು ಏನೂ ಇಲ್ಲ.

ಕಷ್ಟ ಎಲ್ಲಿದೆ ಎಂದರೆ, ಒಂದು ಗಂಡು, ಒಂದು ಹೆಣ್ಣು ಹೂವು ಅದೇ ವಾರ, ನೊಣ ಹಾರುವಷ್ಟು ದೂರದೊಳಗೆ ಅರಳಿರಬೇಕು. ಚದುರಿ ಹೋದ ಕಾಡುಗಳಲ್ಲಿ ಇದು ಕೂಡಿಬರುವುದೇ ಅಪರೂಪ.

ಬೀಜ ಹೇಗೆ ಹರಡುತ್ತದೆ?

ಹೆಣ್ಣು ಹೂವು ಕಟ್ಟಿದರೆ ತಿಂಗಳುಗಟ್ಟಲೆ ಬೆಳೆದು, ಒರಟು ಸಿಪ್ಪೆಯ ಕಂದು ಹಣ್ಣಾಗುತ್ತದೆ. ಒಳಗೆ ಕೆನೆಯಂಥ ತಿರುಳು, ಅದರಲ್ಲಿ ಸಾವಿರಾರು ಬೀಜ, ಒಂದೊಂದೂ ರಾಗಿಕಾಳಿಗಿಂತ ಚಿಕ್ಕದು. ಅಳಿಲುಗಳೂ, ಅಳಿಲಿನಂತೆ ಕಾಣುವ ಚೂಪು ಮೂತಿಯ ಟ್ರೀ ಶ್ರೂ ಎಂಬ ಪ್ರಾಣಿಯೂ ಈ ಹಣ್ಣು ತಿನ್ನುವುದನ್ನು ಬೋರ್ನಿಯೊದಲ್ಲಿ ಕಂಡಿದ್ದಾರೆ. ಇರುವೆಗಳೂ ಬೀಜ ಹೊತ್ತೊಯ್ಯುತ್ತವೆ. ಆಮೇಲೆ ಆ ಧೂಳಿನಂಥ ಬೀಜ ಬಳ್ಳಿಯ ಗಟ್ಟಿ ತೊಗಟೆ ದಾಟಿ ಒಳಗೆ ಹೊಕ್ಕುವ ಗಳಿಗೆಯನ್ನು ಕಾಡಿನಲ್ಲಿ ಕಣ್ಣಾರೆ ಹಿಂಬಾಲಿಸಿದವರಿಲ್ಲ.

ಹುಳುಗಳನ್ನು, ಪ್ರಾಣಿಗಳನ್ನು ತಿನ್ನುತ್ತದೆಯೇ?

ಇಲ್ಲ. ಹುಳು ಹಿಡಿದು ಜೀರ್ಣಿಸುವುದು ಹೂಜಿಗಿಡ. ಅದೂ ಬೋರ್ನಿಯೊದಲ್ಲಿ ಹೇರಳ, ಹಾಗಾಗಿ ಎರಡರ ಕಥೆ ಬೆರೆತಿದೆ. ರಫ್ಲೇಸಿಯಾಕ್ಕೆ ಬಂದ ನೊಣ ಜೀವಂತ ಹಾರಿ ಹೋಗಬೇಕು.

ಇದನ್ನು ಮೊದಲು ಕಂಡವರು ಯಾರು? ಆ ಹೆಸರು ಹೇಗೆ ಬಂತು?

ಪುಸ್ತಕಗಳು ಹೇಳುವ ಕಥೆ ಇದು. 1818ರ ಮೇ ತಿಂಗಳು, ಸುಮಾತ್ರಾದ ಬೆಂಕುಲು ಸೀಮೆ. ಆಗ ಅಲ್ಲಿನ ಬ್ರಿಟಿಷ್ ಆಡಳಿತಗಾರನಾಗಿದ್ದ ಸ್ಟ್ಯಾಮ್‌ಫರ್ಡ್ ರಾಫಲ್ಸ್, ಹೆಂಡತಿ ಮತ್ತು ವೈದ್ಯ-ಸಸ್ಯಶಾಸ್ತ್ರಿ ಜೋಸೆಫ್ ಆರ್ನಾಲ್ಡ್ ಜೊತೆ ಮನ್ನಾ ನದಿಯ ಗುಂಟ ಒಳನಾಡಿಗೆ ಹೊರಟಿದ್ದ. ಪುಲೊ ಲೆಬರ್ ಎಂಬಲ್ಲಿ ಆರ್ನಾಲ್ಡ್ ಗುಂಪಿನಿಂದ ಸ್ವಲ್ಪ ಮುಂದೆ ಹೋಗಿದ್ದಾಗ ಮಲಯ ಸೇವಕನೊಬ್ಬ ಓಡಿ ಬಂದು, ಬನ್ನಿ, ತುಂಬ ದೊಡ್ಡ ಹೂವು, ಚೆಂದದ ಹೂವು ಎಂದು ಕರೆದ. ಹೋಗಿ ನೋಡಿದರೆ ಪೊದೆಯ ಕೆಳಗೆ, ನೆಲದ ಮೇಲೆ ಇದು. ಜೊತೆಗೆ ಸಾಕ್ಷಿಗಳು ಇಲ್ಲದಿದ್ದರೆ ಇದರ ಅಳತೆಯನ್ನು ಹೇಳಲೂ ಹೆದರುತ್ತಿದ್ದೆ ಎಂದು ಆರ್ನಾಲ್ಡ್ ಪತ್ರದಲ್ಲಿ ಬರೆದ. ಅದೇ ಜುಲೈಯಲ್ಲಿ ಅವನು ಪಡಾಂಗ್‌ನಲ್ಲಿ ಜ್ವರದಿಂದ ತೀರಿಕೊಂಡ. ಲಂಡನ್ನಿನಲ್ಲಿ ರಾಬರ್ಟ್ ಬ್ರೌನ್ ಈ ಸಸ್ಯವನ್ನು ಶಾಸ್ತ್ರೀಯವಾಗಿ ವರ್ಣಿಸಿ, ಇಬ್ಬರ ಹೆಸರನ್ನೂ ಸೇರಿಸಿ ರಫ್ಲೇಸಿಯಾ ಆರ್ನಾಲ್ಡಿ ಎಂದು ಕರೆದ. ಈ ರಾಫಲ್ಸ್ ಮರುವರ್ಷ ಸಿಂಗಪುರದಲ್ಲಿ ಬ್ರಿಟಿಷ್ ಠಾಣೆ ಹಾಕಿದವನೇ.

ಆದರೆ ಯುರೋಪಿನವರಲ್ಲೂ ಆರ್ನಾಲ್ಡ್ ಮೊದಲಿಗನಲ್ಲ. ಫ್ರಾನ್ಸಿನ ಲೂಯಿ ಒಗ್ಯುಸ್ತ್ ದೆಶಾಂ 1797ರಲ್ಲೇ ಜಾವಾದ ದಕ್ಷಿಣ ಕರಾವಳಿಯ ನುಸಾ ಕಂಬಾಂಗನ್ ದ್ವೀಪದಲ್ಲಿ ಇನ್ನೊಂದು ಪ್ರಭೇದವನ್ನು ಕಂಡು ಚಿತ್ರ, ಟಿಪ್ಪಣಿ ಮಾಡಿಟ್ಟಿದ್ದ. ಊರಿಗೆ ಮರಳುವ ದಾರಿಯಲ್ಲಿ ಬ್ರಿಟಿಷರು ಅವನ ಕಾಗದಗಳನ್ನೆಲ್ಲ ವಶಪಡಿಸಿಕೊಂಡರು. ಅವು ಬೆಳಕಿಗೆ ಬರುವಷ್ಟರಲ್ಲಿ ಹೆಸರು ಬೇರೆಯವರದ್ದಾಗಿತ್ತು.

ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಓಡಿ ಬಂದು ಕರೆದ ಆ ಸೇವಕ. ಅವನ ಹೆಸರು ಆ ಪತ್ರದಲ್ಲಿಲ್ಲ. ಆ ಸೀಮೆಯ ಜನಕ್ಕೆ ಹೂವು ಗೊತ್ತಿತ್ತು, ಅದಕ್ಕೆ ಅವರದೇ ಹೆಸರುಗಳೂ ಇದ್ದವು. ರಾಫಲ್ಸ್ ಗುಂಪಿಗೆ ತಿಳಿದ ಒಂದು ಹೆಸರಿನ ಅರ್ಥ 'ದೆವ್ವದ ಎಲೆಅಡಿಕೆ ಪೆಟ್ಟಿಗೆ'. ಗುಂಡಗಿನ ಗುಳಿ, ಸುತ್ತ ಕಟ್ಟೆ, ಒಳಗೆ ತಾಂಬೂಲದ ಕೆಂಪು: ಎಲೆಅಡಿಕೆ ಜಗಿಯುವ ನಾಡಿನವರಿಗೆ ಹೊಳೆಯಬೇಕಾದ ಹೆಸರೇ ಅದು.

ಇಂಡೊನೇಷ್ಯಾದವರು ಇದನ್ನು 'ಪದ್ಮ' ಎನ್ನುತ್ತಾರಂತೆ, ನಿಜವೇ?

ನಿಜ. ನಮ್ಮ ಪದ್ಮವೇ. ಸಂಸ್ಕೃತದಿಂದ ಜಾವಾದ ಭಾಷೆಗಳಿಗೆ ಹೋದ ಶಬ್ದ. ಇಂಡೊನೇಷ್ಯಾದಲ್ಲಿ ಇದನ್ನು 'ಪದ್ಮ ರಕ್ಸಾಸ' ಎನ್ನುತ್ತಾರೆ, ಅಂದರೆ ರಾಕ್ಷಸ ತಾವರೆ. 1993ರಲ್ಲಿ ಆ ದೇಶ ಮೂರು ರಾಷ್ಟ್ರೀಯ ಹೂಗಳನ್ನು ಘೋಷಿಸಿದಾಗ ಮಲ್ಲಿಗೆ ಮತ್ತು ಒಂದು ಆರ್ಕಿಡ್ ಜೊತೆ ಇದನ್ನು 'ಅಪರೂಪದ ಹೂವು' ಎಂದು ಆರಿಸಿತು. ದೆಶಾಂ ಕಂಡ ಜಾವಾದ ಪ್ರಭೇದದ ಶಾಸ್ತ್ರೀಯ ಹೆಸರು ಕೂಡ ರಫ್ಲೇಸಿಯಾ ಪತ್ಮ.

ಯಾವ ಗಿಡಗಳ ನೆಂಟ ಇದು? ತಾವರೆಯದೇ?

ತಾವರೆಗೂ ಇದಕ್ಕೂ ಸಂಬಂಧವಿಲ್ಲ. ಎಲೆ, ಕಾಂಡ ಇಲ್ಲದ್ದರಿಂದ ಇದರ ವಂಶ ಯಾವುದೆಂದು ಹೇಳಲಾಗದೆ ಸಸ್ಯಶಾಸ್ತ್ರಿಗಳು ಎರಡು ಶತಮಾನ ಹೆಣಗಿದರು. 2007ರಲ್ಲಿ ಡಿಎನ್‌ಎ ಹೇಳಿದ ಉತ್ತರ ಯಾರೂ ನಿರೀಕ್ಷಿಸದ್ದು: ಔಡಲ, ಮರಗೆಣಸು, ರಬ್ಬರ್ ಇವುಗಳ ಬಳಗ. ಔಡಲದ ಹೂವನ್ನು ನೆನಪಿಸಿಕೊಳ್ಳಿ. ಆ ಬಳಗದ ಬಹುಪಾಲು ಹೂಗಳು ಮಿಲಿಮೀಟರುಗಳ ಲೆಕ್ಕದವು. ಅಂಥ ಪೂರ್ವಜರಿಂದ ಸುಮಾರು 4.6 ಕೋಟಿ ವರ್ಷಗಳ ಅವಧಿಯಲ್ಲಿ ಹೂವಿನ ಅಗಲ ಸುಮಾರು 79 ಪಟ್ಟು ಹಿಗ್ಗಿತು ಎಂದು ಆ ಅಧ್ಯಯನ ಲೆಕ್ಕ ಹಾಕಿತು.

ಭಾರತದಲ್ಲಿ ಸಿಗುತ್ತದೆಯೇ? ನಮ್ಮ ಪಶ್ಚಿಮ ಘಟ್ಟದಲ್ಲಿ?

ರಫ್ಲೇಸಿಯಾ ಭಾರತದಲ್ಲಿಲ್ಲ. ಆದರೆ ಅದರ ಖಾಸಾ ಸೋದರ ಸಂಬಂಧಿ ಸಾಪ್ರಿಯಾ ಹಿಮಾಲಯಾನಾ ನಮ್ಮ ಈಶಾನ್ಯ ರಾಜ್ಯಗಳ ಕಾಡುಗಳಲ್ಲಿದೆ. ವಿಲಿಯಂ ಗ್ರಿಫಿತ್ 1836ರಲ್ಲಿ ಇದನ್ನು ಈಗಿನ ಅರುಣಾಚಲದ ಮಿಷ್ಮಿ ಬೆಟ್ಟಗಳಲ್ಲಿ ಕಂಡ. ಅಗಲ ಸುಮಾರು 20 ಸೆಂ.ಮೀ., ಹತ್ತು ದಳ, ರಕ್ತಗೆಂಪಿನ ಮೇಲೆ ಹಳದಿ ಚುಕ್ಕಿ. ಇದೂ ಟೆಟ್ರಾಸ್ಟಿಗ್ಮಾ ಬಳ್ಳಿಯ ಬೇರಿನೊಳಗೇ ಬದುಕುತ್ತದೆ. ಅರುಣಾಚಲದ ನಾಮ್‌ದಾಫಾ ರಾಷ್ಟ್ರೀಯ ಉದ್ಯಾನದಲ್ಲೂ ಇದೆ. ಬೋರ್ನಿಯೊಗೆ ಹೋಗಲಾಗದವರು ಇದನ್ನು ಕಂಡರೂ ಈ ವಂಶದ ಸೊಬಗು ತಿಳಿಯುತ್ತದೆ.

ಪಶ್ಚಿಮ ಘಟ್ಟದ ಕಾಡುಗಳಲ್ಲಿ ಟೆಟ್ರಾಸ್ಟಿಗ್ಮಾ ಕುಲದ ಬಳ್ಳಿಗಳಿವೆ. ಮನೆ ಇದೆ, ಈ ಬಾಡಿಗೆದಾರ ಇಲ್ಲ. ನಮ್ಮಲ್ಲಿರುವ ಪೂರ್ಣ ಪರಾವಲಂಬಿ ಬೇರೆ: ಬೆಲನೊಫೊರಾ. ಘಟ್ಟದ ಶೋಲಾ ಕಾಡಿನಲ್ಲಿ ಮರಗಳ ಬೇರಿನಿಂದ ಅಣಬೆಯ ಹಾಗೆ ಗುಂಪಾಗಿ ಏಳುತ್ತದೆ. ಅದಕ್ಕೂ ಹಸಿರಿಲ್ಲ. ಅಣಬೆ ಎಂದೇ ತಿಳಿದು ದಾಟಿ ಹೋಗುವವರು ಬಹಳ. ಮುಂದಿನ ಸಲ ಕಂಡರೆ ಬಗ್ಗಿ ನೋಡಿ, ಅದರ ಮೈಯಲ್ಲಿ ಹೂಗಳಿವೆ.

ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಬೆಳೆಸಬಹುದಲ್ಲ?

ಬೀಜ ತಂದು ಕುಂಡದಲ್ಲಿ ಹಾಕಿದರೆ ಮೊಳೆಯುವ ಜಾತಿಯಲ್ಲ ಇದು. ಮೊದಲು ಬಳ್ಳಿ ಬೇಕು, ಬಳ್ಳಿಗೆ ಕಾಡಿನ ತೇವ ಬೇಕು. ಜಗತ್ತಿನಲ್ಲಿ ಈ ಕೆಲಸದಲ್ಲಿ ಪಳಗಿರುವುದು ಜಾವಾದ ಬೋಗೋರ್ ಸಸ್ಯೋದ್ಯಾನ. ರಫ್ಲೇಸಿಯಾ ಹೊಕ್ಕಿರುವ ಬಳ್ಳಿಯ ತುಂಡನ್ನು ಕಾಡಿನಿಂದ ತಂದು, ತೋಟದ ಬಳ್ಳಿಗೆ ಕಸಿ ಕಟ್ಟುವುದು ಅವರ ವಿಧಾನ, ನಾವು ಮಾವಿಗೆ ಕಟ್ಟುವ ಹಾಗೆ. ಆಮೇಲೆ ಕಾಯುವುದು, ವರ್ಷಗಟ್ಟಲೆ. 2010ರಿಂದ ಈಚೆಗೆ ಅಲ್ಲಿ ರಫ್ಲೇಸಿಯಾ ಪತ್ಮ ಹಲವು ಸಲ ಅರಳಿದೆ. ದೈತ್ಯ ಆರ್ನಾಲ್ಡಿ ಅಲ್ಲಿ ಅರಳಿದ್ದು 2022ರಲ್ಲಿ.

ಇದರಲ್ಲಿ ಔಷಧಿ ಗುಣ ಇದೆಯೇ?

ಮಲೇಷ್ಯಾ, ಇಂಡೊನೇಷ್ಯಾ, ಥಾಯ್ಲೆಂಡ್‌ಗಳಲ್ಲಿ ಮೊಗ್ಗನ್ನು ಬಾಣಂತಿಯರ ಮದ್ದಿಗೆ, ಇನ್ನೂ ಕೆಲವು ಕಡೆ ಗಂಡಸರ ಶಕ್ತಿಗೆಂದು ಮಾರುವ ರೂಢಿ ಬಂದಿದೆ. ಒಂಬತ್ತು ತಿಂಗಳು ಬೆಳೆಯುವ ಮೊಗ್ಗನ್ನು ಅರಳುವ ಮೊದಲೇ ಕಿತ್ತರೆ ಆ ಹೂವಿನಿಂದ ಒಂದು ಬೀಜವೂ ಬರುವುದಿಲ್ಲ. ಯಾರಾದರೂ ಒಣಗಿಸಿದ ಮೊಗ್ಗು ತಂದುಕೊಡುತ್ತೇನೆ ಎಂದರೆ ದಯವಿಟ್ಟು ಬೇಡವೆನ್ನಿ.

ಅಳಿವಿನಂಚಿನಲ್ಲಿದೆ ಎನ್ನುವುದು ಎಷ್ಟು ನಿಜ?

ಪೂರ್ತಿ ನಿಜ. 2023ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಂಡವೊಂದರ ಅಧ್ಯಯನ ಆಗ ಗೊತ್ತಿದ್ದ 42 ಪ್ರಭೇದಗಳನ್ನೂ ಪರಿಶೀಲಿಸಿತು. ಅವುಗಳಲ್ಲಿ 25 ತೀವ್ರ ಅಪಾಯದಲ್ಲಿವೆ, 15 ಅಪಾಯದಲ್ಲಿವೆ, ಉಳಿದ ಎರಡೂ ನಿಶ್ಚಿಂತೆಯಿಂದಿಲ್ಲ ಎಂದು ಅದು ಹೇಳಿತು. ಮೂರರಲ್ಲಿ ಎರಡು ಪಾಲು ಪ್ರಭೇದಗಳು ಇರುವುದು ಸಂರಕ್ಷಿತ ಅರಣ್ಯಗಳ ಹೊರಗೆ.

ಹುಲಿಯನ್ನೋ ಆನೆಯನ್ನೋ ಹಿಡಿದು ಇನ್ನೊಂದು ಕಾಡಿಗೆ ಬಿಡಬಹುದು. ಬಹುಪಾಲು ಗಿಡಗಳ ಬೀಜವನ್ನು ಬೀಜ ಭಂಡಾರದಲ್ಲಿ ತಂಪಾಗಿ ಇಡಬಹುದು. ರಫ್ಲೇಸಿಯಾಕ್ಕೆ ಈ ಯಾವ ದಾರಿಯೂ ಸರಾಗವಾಗಿಲ್ಲ. ಅದನ್ನು ಉಳಿಸಬೇಕೆಂದರೆ ಬಳ್ಳಿ ಉಳಿಯಬೇಕು, ಬಳ್ಳಿ ಹತ್ತಲು ಮರ ಉಳಿಯಬೇಕು, ಬೀಜ ಒಯ್ಯುವ ಪ್ರಾಣಿ ಉಳಿಯಬೇಕು. ಬೋರ್ಡು ಹಾಕಿ, ಹೂವಿಗೆ ಬೇಲಿ ಕಟ್ಟಿ, ಐವತ್ತು ಮೀಟರ್ ಆಚೆ ತಾಳೆಎಣ್ಣೆ ತೋಟಕ್ಕೆ ಕಾಡು ಸವರಿದರೆ ಏನೂ ಉಳಿಯುವುದಿಲ್ಲ. ಬಳ್ಳಿಯೊಳಗೆ ರಫ್ಲೇಸಿಯಾ ಇದೆಯೋ ಇಲ್ಲವೋ ಮೊಗ್ಗು ಏಳುವ ತನಕ ಹೊರಗಿನಿಂದ ಗೊತ್ತಾಗುವುದೂ ಇಲ್ಲ. ಕತ್ತಿ ಹಿಡಿದವನಿಗೆ ಅದು ಬರೀ ಒಂದು ಬಳ್ಳಿ.

ನೋಡಬೇಕೆಂದರೆ ಎಲ್ಲಿಗೆ, ಯಾವಾಗ ಹೋಗಬೇಕು?

ಸಿಂಗಪುರ, ಕ್ವಾಲಾಲಂಪುರದಲ್ಲಿರುವ ಕನ್ನಡಿಗರಿಗೆ ಇದು ಒಂದು ವಾರಾಂತ್ಯದ ಪ್ರಯಾಣ. ಸರವಾಕ್‌ನ ಕುಚಿಂಗ್ ಪೇಟೆಯಿಂದ ಕಾರಿನಲ್ಲಿ ಸುಮಾರು ಎರಡು ತಾಸಿನ ಹಾದಿಯಲ್ಲಿ ಲುಂಡು ಊರಿನ ಪಕ್ಕ ಗುನುಂಗ್ ಗಾಡಿಂಗ್ ರಾಷ್ಟ್ರೀಯ ಉದ್ಯಾನವಿದೆ. ನಾನು ನೋಡಿದ್ದು ಅಲ್ಲೇ. ಬೋರ್ನಿಯೊದ್ದೇ ಇನ್ನೊಂದು ರಾಜ್ಯ ಸಾಬಾದಲ್ಲಿ ಕಿನಬಾಲು ಬೆಟ್ಟದ ಬದಿಯ ಪೋರಿಂಗ್ ಸುತ್ತಮುತ್ತ, ತಂಬುನಾನ್ ಬಳಿಯ ರಫ್ಲೇಸಿಯಾ ಮೀಸಲು ಅರಣ್ಯ. ಸುಮಾತ್ರಾದಲ್ಲಿ ಬೆಂಕುಲು ಮತ್ತು ಬುಕಿಟ್‌ಟಿಂಗಿ ಹತ್ತಿರದ ಬಾತಾಂಗ್ ಪಲುಪು. ಥಾಯ್ಲೆಂಡ್‌ನಲ್ಲಿ ಖಾವೊ ಸೊಕ್. ಪೋರಿಂಗ್ ಕಡೆ ತಮ್ಮ ಜಮೀನಿನಲ್ಲಿ ಹೂ ಬಿಟ್ಟಾಗ ರಸ್ತೆ ಬದಿಗೆ ಬೋರ್ಡು ಹಾಕಿ, ಹಣ ಪಡೆದು ತೋರಿಸುವ ರೈತರಿದ್ದಾರೆ. ಅವರಿಗೆ ಕೊಡುವ ಹಣ ಒಳ್ಳೆಯದಕ್ಕೇ ಹೋಗುತ್ತದೆ. ಹೂವಿನಿಂದ ಆದಾಯವಿದ್ದರೆ ಬಳ್ಳಿ ಕಡಿಯುವುದಿಲ್ಲ.

ತಿಂಗಳು ನೋಡಿ ಟಿಕೆಟ್ ಮಾಡಿದರೆ ಪ್ರಯೋಜನವಿಲ್ಲ. ಊರಿಗೆ ತಲುಪಿದ ಮೇಲೆ ಉದ್ಯಾನದ ಕಚೇರಿಗೆ ಫೋನ್ ಮಾಡಿ, ಹೂವು ಅರಳಿದೆಯೇ, ಎಷ್ಟನೆಯ ದಿನ ಎಂದು ಕೇಳಿ. ನಾಲ್ಕು ದಿನದೊಳಗಾದರೆ ತಕ್ಷಣ ಹೊರಡಿ. ಮಲೆನಾಡಿನವರಿಗೆ ಹೇಳಬೇಕಿಲ್ಲ, ಇಂಬಳಕ್ಕೆ ಉದ್ದ ಕಾಲುಚೀಲ ಬೇಕು.

ಹತ್ತಿರ ಹೋಗಿ ಮುಟ್ಟಬಹುದೇ?

ಬೇಡ. ಹೂವಿಗಿಂತ ಕಾಲಡಿಯ ಜಾಗಕ್ಕೆ ಹೆಚ್ಚು ಗಮನ ಕೊಡಿ. ಬಳ್ಳಿಯ ಬೇರು ತರಗೆಲೆಯ ಕೆಳಗೇ ಹರಿದಿರುತ್ತದೆ, ಅಂಗಿಯ ಗುಂಡಿಯಷ್ಟಗಲದ ಮೊಗ್ಗುಗಳು ಅದರ ಮೇಲೆ ಕೂತಿರುತ್ತವೆ, ಒಂದು ತಪ್ಪು ಹೆಜ್ಜೆಗೆ ಜಜ್ಜಿ ಹೋಗುತ್ತವೆ. ಗುನುಂಗ್ ಗಾಡಿಂಗ್‌ನಲ್ಲಿ ನಮ್ಮ ಜೊತೆ ಬಂದ ಮಾರ್ಗದರ್ಶಿ ದಾರಿಯಲ್ಲಿ ಒಂದು ಕಡೆ ನಿಂತು, ಎಲೆಯೊಂದನ್ನು ಎರಡು ಬೆರಳಲ್ಲಿ ಮೆಲ್ಲನೆ ಎತ್ತಿ ತೋರಿಸಿದರು. ಕೆಳಗೆ ಲಿಂಬೆಹಣ್ಣಿನ ಗಾತ್ರದ ಕಂದು ಮೊಗ್ಗು. ಇದು ಅರಳಲು ಇನ್ನೂ ಎಷ್ಟು ತಿಂಗಳು ಎಂದು ನಾನು ಕೇಳಿದೆ. ಅವರು ಆರು ಬೆರಳು ತೋರಿಸಿ, ಎಲೆಯನ್ನು ಮೊದಲಿದ್ದ ಹಾಗೆಯೇ ಮೊಗ್ಗಿನ ಮೇಲೆ ಹೊದಿಸಿದರು.